ಪೆಟ್ಟಿಗೆ ಅಗ್ಗ, ಲಾಭ ಎಲ್ಲಿಂದ?

ಪ್ರಶ್ನೆ: ರೋಕುವಿನಂಥ ಟಿವಿ ಸ್ಟ್ರೀಮಿಂಗ್ ಪೆಟ್ಟಿಗೆಗಳನ್ನು ಅಷ್ಟು ಕಡಿಮೆ ಬೆಲೆಗೆ ಮಾರಿದರೆ ಕಂಪನಿಗೆ ಗಿಟ್ಟುವುದು ಹೇಗೆ?

ಉತ್ತರ: ಗಿಟ್ಟುವುದು ಪೆಟ್ಟಿಗೆಯಿಂದಲ್ಲ. ಅಮೆರಿಕದ ರೋಕು 2008ರಲ್ಲಿ ನೆಟ್‌ಫ್ಲಿಕ್ಸ್ ನೋಡಲೆಂದು ತಂದ ಮೊದಲ ಪೆಟ್ಟಿಗೆಗೆ ಸುಮಾರು 100 ಡಾಲರ್ ಬೆಲೆಯಿತ್ತು. ಈಗ ಅದರ ಅಗ್ಗದ ಪೆಟ್ಟಿಗೆ ಸುಮಾರು 30 ಡಾಲರಿಗೇ ಸಿಗುತ್ತದೆ. ಸಾಧನಗಳ ಮಾರಾಟದಲ್ಲಾಗುವ ನಷ್ಟವನ್ನು ಕಂಪನಿ ತಿಳಿದೇ ಹೊರುತ್ತದೆ. 2023ರಲ್ಲಿ ಅದರ ವರಮಾನದ ಶೇ. 80ಕ್ಕೂ ಹೆಚ್ಚು ಪಾಲು ಬಂದದ್ದು ಜಾಹೀರಾತು ಮತ್ತು ಚಂದಾಹಣದ ಕಮಿಷನ್ ಮುಂತಾದವುಗಳಿಂದ. ಅದರ ರಿಮೋಟನ್ನೇ ನೋಡಿ: ನೆಟ್‌ಫ್ಲಿಕ್ಸ್‌ನಂಥ ಹೆಸರು ಹೊತ್ತ ಬಣ್ಣದ ಗುಂಡಿಗಳ ಜಾಗಕ್ಕೆ ಆಯಾ ಕಂಪನಿಗಳೇ ದುಡ್ಡು ಕೊಡುತ್ತವೆ. ನೀವೇನು ನೋಡುತ್ತೀರಿ ಎಂಬ ಮಾಹಿತಿಯೂ ಜಾಹೀರಾತಿಗೆ ಬಳಕೆಯಾಗುತ್ತದೆ. ನನಗೆ ಕಳವಳ ತರುವುದು ಇದೇ. ಕೊಂಡ ದಿನವೇ ಪ್ರೈವೆಸಿ ಸೆಟ್ಟಿಂಗ್‌ಗೆ ಹೋಗಿ ಜಾಹೀರಾತಿನ ಟ್ರ್ಯಾಕಿಂಗ್‌ಗೆ ಮಿತಿ ಹಾಕಿಬಿಡಿ.