ದಿನಬಳಕೆಯ ಕಾಫೀಪುಡಿಗಳ ಪರೀಕ್ಷೆ

2024ರಲ್ಲಿಯೂ 2025ರಲ್ಲಿಯೂ ಕಾಫೀಬೀಜದ ಬೆಲೆಯು ಏರಿದ ಪರಿಯನ್ನು ಗೃಹಸ್ಥರಾದ ವಾಚಕರಿಗೆ ನಾವು ವಿವರಿಸಬೇಕಾದುದಿಲ್ಲ. ಬ್ರೆಜಿಲ್, ವಿಯೆಟ್ನಾಂ ದೇಶಗಳಲ್ಲಿ ಮಳೆ ತಪ್ಪಿದರೆ ಹಾಸನದ ಗೃಹಸ್ಥನ ಜೇಬು ಹಗುರವಾಗುತ್ತದೆ. ಸಕಲೇಶಪುರ, ಬೇಲೂರು, ಆಲೂರುಗಳ ತೋಟಗಳು ಇದೇ ಜಿಲ್ಲೆಯವಾದರೂ, ಬಯಲುಕಡೆಯ ನಾವು ಪುಡಿಯನ್ನು ಅಂಗಡಿಯಿಂದಲೇ ಕೊಳ್ಳತಕ್ಕವರು. ಅಗ್ಗದ ಪುಡಿಗಳಲ್ಲಿ ಯಾವುದು ಯೋಗ್ಯವೆಂಬುದನ್ನು ನಾಲಗೆಯಿಂದಲೇ ತೀರ್ಮಾನಿಸಬೇಕೆಂದು ನಿಶ್ಚಯಿಸಿ, ನಾಲ್ಕು ಬಗೆಯ ಪುಡಿಗಳನ್ನು ಕಟ್ಟಿಕೊಂಡು ಕೊರವಂಗಲದ ನಮ್ಮ ಸೋದರತ್ತೆಯವರ ಮನೆಗೆ ಹೋದೆವು. 1173ರ ಬೂಚೇಶ್ವರ ದೇವಾಲಯದಿಂದ ಪ್ರಖ್ಯಾತವಾದ ಊರದು. ನಮ್ಮ ಬಂಧುವರ್ಗದಲ್ಲಿ ಮಾತ್ರ ಅತ್ತೆಯವರ ಕಾಫಿಯಿಂದ ಪ್ರಖ್ಯಾತ. ಚಿಕೋರಿಯು ಹೊಸಿಲು ದಾಟಲು ಅವರು ಎಂದೂ ಬಿಟ್ಟವರಲ್ಲ.

ಮೊದಲನೆಯದು ಶುದ್ಧ ಅರೇಬಿಕಾದ ಪೊಟ್ಟಣ. ಎಲ್ಲಕ್ಕಿಂತ ದುಬಾರಿ, ಹೋಲಿಕೆಗೆಂದೇ ಕೊಂಡದ್ದು. ಎರಡನೆಯದು ಅರೇಬಿಕಾ ಮತ್ತು ರೊಬಸ್ಟಾಗಳನ್ನು ಸಮವಾಗಿ ಬೆರಸಿ, ನೂರಕ್ಕೆ 20 ಪಾಲು ಚಿಕೋರಿ ಕೂಡಿಸಿ, ಅಂದು ಬೆಳಿಗ್ಗೆ ನಮ್ಮೆದುರಿಗೇ ಬೀಸಿ ಕೊಟ್ಟದ್ದು. ಮೂರನೆಯದು 53 ಪಾಲು ಕಾಫಿ, 47 ಪಾಲು ಚಿಕೋರಿ ಎಂದು ಅಚ್ಚುಮಾಡಿದ್ದ ಪೊಟ್ಟಣ. ನಾಲ್ಕನೆಯದು 'ಅಪ್ಪಟ ಕಾಫಿ' ಎಂಬ ಬಾಯಿಮಾತಿನ ಮೇಲೆ ತಂದ ಬಿಡಿಪುಡಿ.

ಕಾಫಿಯ ರುಚಿ ನೋಡುವುದನ್ನೇ ವೃತ್ತಿಯಾಗಿ ಉಳ್ಳವರು 150 ಮಿಲಿಲೀಟರು ಬಿಸಿನೀರಿಗೆ ಸುಮಾರು 8 ಗ್ರಾಂ ಪುಡಿ ಹಾಕಿ, ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಕೆನೆಯನ್ನು ಒಡೆದು, ಚಮಚದಿಂದ ಸೊರ್ರನೆ ಹೀರಿ ಉಗುಳುವರು. ಬೀಜದ ಗುಣವನ್ನು ಅರಿಯಲು ಇದು ಸರಿಯಾದ ಕ್ರಮವೇ. ಆದರೆ ಹಾಲು ಸಕ್ಕರೆಗಳಿಲ್ಲದೆ ಕಾಫಿ ಕುಡಿಯುವ ಮನೆ ನಮ್ಮಲ್ಲೆಷ್ಟು? ಆದಕಾರಣ ಎರಡು ಬಗೆಯಲ್ಲಿಯೂ ನೋಡಿದೆವು. ನೆರೆಮನೆಗಳಿಂದ ಫಿಲ್ಟರುಗಳನ್ನು ಎರವು ತಂದು, ಲೋಟಗಳ ತಳದಲ್ಲಿ ಬಳಪದಿಂದ ಅಂಕಿ ಬರೆದು, ಅವುಗಳನ್ನು ಹಿಂದುಮುಂದಾಗಿಸಿ ಇಟ್ಟೆವು.

ಬರಿಯ ಡಿಕಾಕ್ಷನ್ನಿನಲ್ಲಿ ಅರೇಬಿಕಾಕ್ಕೆ ಎದುರಿಲ್ಲ. ಪರಿಮಳವೂ ಎಳೆಹುಳಿಯೂ ಬಹು ಹಿತ. ಹಾಲು ಬಿದ್ದೊಡನೆ ಆ ನಯವೆಲ್ಲ ಅಡಗಿಹೋಯಿತು. ಹತ್ತಕ್ಕೆ ಆರು. ರೊಬಸ್ಟಾದಲ್ಲಿ ಕೆಫೀನು ಅರೇಬಿಕಾದಲ್ಲಿರುವುದಕ್ಕಿಂತ ಹೆಚ್ಚುಕಡಮೆ ಇಮ್ಮಡಿ; ಅದರ ಒರಟುತನವು ಹಾಲಿನೆದುರು ನಿಲ್ಲಬಲ್ಲದು. ಹೀಗಾಗಿ ಎರಡನೆಯದಕ್ಕೆ ಎಂಟು ಕೊಟ್ಟೆವು. ಅದು ಹೊಸದಾಗಿ ಬೀಸಿದ್ದೆಂಬುದನ್ನೂ ಮರೆಯಬಾರದು; ಬೀಸಿದ ಪುಡಿಯ ಪರಿಮಳ ಬೇಗ ಹಾರಿಹೋಗುವುದರಿಂದ, ವಾರಕ್ಕಾಗುವಷ್ಟನ್ನೇ ಕೊಳ್ಳುವುದು ಲೇಸು. ಮೂರನೆಯದರ ಬಣ್ಣ ಗಾಢ, ರುಚಿ ಸೀದ ಬೆಲ್ಲದ್ದು. ನಾಲ್ಕು ಕೊಟ್ಟುದೇ ಔದಾರ್ಯ.

ಚಿಕೋರಿಯು ವಿಷವೇನಲ್ಲ. ಅದೊಂದು ಗಿಡದ ಬೇರು. ಗುಜರಾತಿನ ಜಾಮನಗರದ ಕಡೆ ಬೆಳೆಯುತ್ತಾರೆ. 1806ರಲ್ಲಿ ನೆಪೋಲಿಯನ್ನನು ಇಂಗ್ಲಿಷರ ಸರಕಿಗೆ ತಡೆಯೊಡ್ಡಿದ ಮೇಲೆ ಕಾಫಿ ಸಿಗದ ಯೂರೋಪಿನ ಜನ ಇದನ್ನೇ ಹುರಿದು ಕುಡಿದರು. ಇದರಲ್ಲಿ ಕೆಫೀನಿಲ್ಲ. ಮಿಶ್ರಣದಲ್ಲಿ ಕಾಫಿಯು ನೂರಕ್ಕೆ 51ಕ್ಕೆ ಕಡಮೆಯಾಗಕೂಡದೆಂದೂ ಪಾಲನ್ನು ಪೊಟ್ಟಣದ ಮೇಲೆ ತಿಳಿಸಬೇಕೆಂದೂ ನಮ್ಮ ದೇಶದ ಕಾನೂನು ವಿಧಿಸುತ್ತದೆ. ಬೆರಸುವುದು ತಪ್ಪಲ್ಲ, ಬಚ್ಚಿಡುವುದು ತಪ್ಪು. ನಾಲ್ಕನೆಯ ಪುಡಿಯನ್ನು ಚಿಟಿಕೆಯಷ್ಟು ತಣ್ಣೀರಿನ ಮೇಲೆ ಉದುರಿಸಿದೆವು. ಕಾಫಿಯಾದರೆ ಸ್ವಲ್ಪ ಹೊತ್ತು ತೇಲುವುದು. ಚಿಕೋರಿಯು ಕಂದುಗೆರೆ ಬಿಡುತ್ತ ಕೂಡಲೇ ಮುಳುಗುವುದು. ನಮ್ಮ 'ಅಪ್ಪಟ' ಪುಡಿಯ ಬಹುಭಾಗ ತಳ ಸೇರಿತು! ನಾಲಗೆಯು ಅದಕ್ಕೆ ಐದು ಕೊಡುತ್ತಿತ್ತು. ನಾವು ಸೊನ್ನೆ ಕೊಟ್ಟೆವು.

ಕೊನೆಯಲ್ಲಿ ಅತ್ತೆಯವರ ಸರದಿ. ನಾಲ್ಕನ್ನೂ ಕುಡಿದು ನೋಡಿ ಒಂದು ಲೋಟವನ್ನು ಮುಂದಕ್ಕೆ ಸರಿಸಿ, "ಇದು ಕಣಪ್ಪಾ ಕಾಫಿ. ಮಿಕ್ಕದ್ದನ್ನ ಚೆಲ್ಲು" ಎಂದರು. ತಳ ತಿರುಗಿಸಿದೆವು: ಎರಡು. ಹೇಳುವುದೋ ಬಿಡುವುದೋ ಎಂದು ತುಸು ಹೊತ್ತು ಅನುಮಾನಿಸಿ, "ಅತ್ತೆ, ಇದರಲ್ಲಿ ಚಿಕೋರಿ ಇದೆ" ಎಂದೆವು. ಅವರು ಲೋಟವನ್ನು ಮತ್ತೊಮ್ಮೆ ಮೂಸಿ ನೋಡಿ, "ಹಾಲು ಚೆನ್ನಾಗಿತ್ತು, ಅದಕ್ಕೇ" ಎಂದು ಒಳಕ್ಕೆ ಹೋದರು.

ಮರುದಿನ ಹೊರಡುವಾಗ ಚೀಲ ನೋಡಿಕೊಂಡರೆ ಮೂರೇ ಪುಡಿಗಳಿದ್ದವು. ಎರಡನೆಯದು ಎಲ್ಲಿಯೆಂದು ನಾವು ಕೇಳಲಿಲ್ಲ.