ನಂಬರ್ ಹೊಂದದಿದ್ದರೇ ಅಸಲಿ!

ಮೇಜಿನ ಮೇಲೆ ಎರಡು ಹಳೇ ರಿವಾಲ್ವರ್ ಇವೆ ಅಂದ್ಕೊಳ್ಳಿ. ಎರಡೂ ಅಮೆರಿಕದ ಕೋಲ್ಟ್ ಕಂಪನಿ 1873ರಲ್ಲಿ ಹೊರತಂದ ‘ಸಿಂಗಲ್ ಆಕ್ಷನ್ ಆರ್ಮಿ’ ಮಾದರಿಯವು. ಒಂದು ಫಳಫಳ ಹೊಳೀತಿದೆ. ಇನ್ನೊಂದು ಮಾಸಲು ಕಂದು, ಅಲ್ಲಲ್ಲಿ ಗೀರು. ಯಾವುದಕ್ಕೆ ಬೆಲೆ ಜಾಸ್ತಿ? ನಮ್ಮಲ್ಲಿ ಬಹಳ ಜನ ಮೊದಲನೆಯದನ್ನೇ ತೋರಿಸ್ತೀವಿ. ಪಳಗಿದ ಸಂಗ್ರಾಹಕರು ಅದನ್ನ ಎತ್ತಿಕೊಂಡು, ಸ್ಕ್ರೂ ತೂತಿನ ಅಂಚು ನೋಡಿ, ಸುಮ್ಮನೆ ವಾಪಸ್ ಇಟ್ಟುಬಿಡ್ತಾರೆ. ಅಂಚು ಸವೆದು ತಟ್ಟೆಯ ಹಾಗೆ ತಗ್ಗಾಗಿದ್ದರೆ, ಯಾರೋ ಅದನ್ನು ಬಫಿಂಗ್ ಚಕ್ರಕ್ಕೆ ಹಿಡಿದಿದ್ದಾರೆ ಅಂತ ಅರ್ಥ. ಕಾರ್ಖಾನೆಯಿಂದ ಬಂದ ಮೇಲ್ಮೈ ಹೋಯ್ತು, ಅದು ಮತ್ತೆ ಬರಲ್ಲ.

ಆ ಮೇಲ್ಮೈ ನಾವು ಮೆಟೀರಿಯಲ್ ಸೈನ್ಸ್‌ನಲ್ಲಿ ಓದೋ ವಿಷಯವೇ. ನಳಿಕೆಯ ಮೇಲಿನ ನೀಲಿ ಕಬ್ಬಿಣದ ಆಕ್ಸೈಡಿನ ತೆಳು ಪದರ. ಫ್ರೇಮಿನ ಮೇಲಿನ ನೀಲಿ-ಕಂದು-ಹಳದಿ ಮೋಡದಂಥ ಚಿತ್ತಾರ ಬಂದದ್ದು ಕೇಸ್ ಹಾರ್ಡನಿಂಗ್‌ನಿಂದ: ಮೂಳೆ, ಇದ್ದಿಲಿನ ಜೊತೆ ಮುಚ್ಚಿಟ್ಟು ಕಾಯಿಸಿ, ನೀರಿಗೆ ಅದ್ದುವುದು. ಯಾವ ಎರಡು ಫ್ರೇಮಿನ ಚಿತ್ತಾರವೂ ಒಂದೇ ಥರ ಇರಲ್ಲ.

1873ರಿಂದ 1940ರವರೆಗೆ ಈ ಮಾದರಿ ಮೂರೂವರೆ ಲಕ್ಷಕ್ಕೂ ಹೆಚ್ಚು ತಯಾರಾಯಿತು. ಹಾಗಾಗಿ ಹೆಸರು ಮಾತ್ರ ಅಪರೂಪವಲ್ಲ, ಅಪರೂಪ ಇರೋದು ಸಣ್ಣ ವ್ಯತ್ಯಾಸಗಳಲ್ಲಿ. ಉದಾಹರಣೆಗೆ, ಸಿಲಿಂಡರ್ ತಿರುಗುವ ಪಿನ್ನನ್ನು ಹಳೆಯವುಗಳಲ್ಲಿ ಮುಂದಿನಿಂದ ಒಂದು ಸ್ಕ್ರೂ ಹಿಡಿದಿರುತ್ತೆ, 1890ರ ದಶಕದಲ್ಲಿ ಬಂದವುಗಳಲ್ಲಿ ಅಡ್ಡಕ್ಕಿರುವ ಸ್ಪ್ರಿಂಗ್ ಬೀಗ. ಸ್ಕ್ರೂ ಇದ್ದರೆ ‘ಬ್ಲಾಕ್ ಪೌಡರ್ ಫ್ರೇಮ್’ ಅಂತಾರೆ. ಹೊಗೆಯಿಲ್ಲದ ಹೊಸ ಮದ್ದಿನ ಒತ್ತಡವನ್ನು ತಾಳುತ್ತೆ ಅಂತ ಕಂಪನಿ ಭರವಸೆ ಕೊಟ್ಟದ್ದು 1900ರ ಆಸುಪಾಸಿನಿಂದ ಮಾತ್ರ. ಹಳೇದರಲ್ಲಿ ಹೊಸ ಗುಂಡು ಹಾಕಿದರೆ ಸಿಲಿಂಡರ್ ಸಿಡಿಯಬಹುದು. ಅಂದರೆ ಒಂದು ಸ್ಕ್ರೂ ಗುರುತಿಸೋದು ಬರೀ ಹವ್ಯಾಸದ ಮಾತಲ್ಲ.

ಇನ್ನು ನಂಬರಿನ ವಿಷಯ. ಫ್ರೇಮ್, ಟ್ರಿಗರ್ ಗಾರ್ಡ್, ಹಿಡಿಯ ಹಿಂಭಾಗ, ಮೂರರಲ್ಲೂ ಒಂದೇ ಸೀರಿಯಲ್ ನಂಬರ್ ಇರಬೇಕು. ಇಲ್ಲದಿದ್ದರೆ ಅಲ್ಲಿಂದೊಂದು ಇಲ್ಲಿಂದೊಂದು ತಂದು ಜೋಡಿಸಿದ್ದು. ಸಂಗ್ರಾಹಕರ ಮೊದಲ ಪಾಠ ಇದು. ಆದರೆ ‘ಆರ್ಟಿಲರಿ’ ಎಂಬ ಬಗೆಗೆ ಬಂದಾಗ ಪಾಠವೇ ತಲೆಕೆಳಗು! ಅಮೆರಿಕದ ಸೇನೆ 1892ರಲ್ಲಿ .38 ಕ್ಯಾಲಿಬರಿನ ಹೊಸ ರಿವಾಲ್ವರಿಗೆ ಬದಲಾಯಿಸಿತ್ತು. ಫಿಲಿಪ್ಪೀನ್ಸ್ ಯುದ್ಧದಲ್ಲಿ ಅದರ ಪೆಟ್ಟು ಸಾಲದು ಅನ್ನಿಸಿ ಹಳೇ .45 ಕೋಲ್ಟ್‌ಗಳನ್ನು ಮತ್ತೆ ಹೊರತೆಗೆಯಿತು. ಏಳೂವರೆ ಇಂಚಿನ ನಳಿಕೆಯನ್ನು ಐದೂವರೆಗೆ ಮೊಟಕು ಮಾಡುವ ಕೆಲಸ 1895ರಲ್ಲೇ ಶುರುವಾಗಿತ್ತು. ದುರಸ್ತಿ ಸಾಲಿನಲ್ಲಿ ಸಾವಿರಾರು ರಿವಾಲ್ವರ್ ಬಿಚ್ಚಿ, ಕೈಗೆ ಸಿಕ್ಕ ಭಾಗ ಹಾಕಿ ಜೋಡಿಸಿದರು. ಹಾಗಾಗಿ ಇವುಗಳಲ್ಲಿ ಬಹುಪಾಲಿಗೆ ನಂಬರ್ ಹೊಂದದಿರೋದೇ ಸರಿ. ಎಲ್ಲಾ ಹೊಂದಿಕೊಂಡಿದ್ದರೆ ಒಂದೋ ಬಲು ಅಪರೂಪದ್ದು, ಇಲ್ಲಾ ಯಾರೋ ಆಮೇಲೆ ಕೈಯಾಡಿಸಿದ್ದು.

ಕೈಯಾಡಿಸೋರಿಗೇನೂ ಕಡಿಮೆಯಿಲ್ಲ. 1876ರ ಲಿಟಲ್ ಬಿಗ್ ಹಾರ್ನ್ ಕದನದಲ್ಲಿ ಕಸ್ಟರ್‌ನ ಸೈನಿಕರ ಹತ್ತಿರ ಇದ್ದದ್ದು ಇದೇ ಮಾದರಿ. ಆ ಕಾಲದ ಸೇನಾ ತಪಾಸಣಾಧಿಕಾರಿ ಏನ್ಸ್‌ವರ್ತ್‌ನ ‘ಓ.ಡಬ್ಲ್ಯು.ಎ.’ ಮುದ್ರೆಯಿದ್ದರೆ ಬೆಲೆ ಹಲವು ಪಟ್ಟು. ಮುದ್ರೆ ಒತ್ತಲು ಬೇಕಾಗಿರೋದು ಒಂದು ಪಂಚ್, ಒಂದು ಸುತ್ತಿಗೆ, ಅಷ್ಟೇ. ಆದರೆ ಲೋಹ ಎಲ್ಲವನ್ನೂ ಮರೆಯಲ್ಲ. ಅಕ್ಷರ ಒತ್ತಿದಾಗ ಅದರ ಕೆಳಗಿನ ಉಕ್ಕೂ ವಿರೂಪಗೊಂಡಿರುತ್ತೆ. ಮೇಲಿನ ನಂಬರನ್ನು ಅರದಿಂದ ಉಜ್ಜಿ ತೆಗೆದರೂ, ಆ ಪದರ ಉಳಿದಿದ್ದರೆ ಆಮ್ಲದ ಎಚ್ಚಿಂಗ್‌ಗೆ ಹಳೇ ಅಂಕೆ ಮೇಲೆದ್ದು ಬರುತ್ತೆ. ಫೊರೆನ್ಸಿಕ್ ಲ್ಯಾಬಿನವರು ಮಾಡೋದೂ ಇದನ್ನೇ.

ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾತ್ರ ಇಂಗ್ಲೆಂಡಿನ ವೆಬ್ಲಿ-ಫಾಸ್ಬರಿ. ಇದರ ಕರ್ತೃ ಜಾರ್ಜ್ ಫಾಸ್ಬರಿ, ಬ್ರಿಟಿಷ್ ಇಂಡಿಯಾದ ವಾಯವ್ಯ ಗಡಿಯಲ್ಲಿ 1863ರಲ್ಲಿ ಕಾದಾಡಿ ವಿಕ್ಟೋರಿಯಾ ಕ್ರಾಸ್ ಪಡೆದವನು. ಇದು ತಾನೇ ತಿರುಗುವ ರಿವಾಲ್ವರ್. ಗುಂಡು ಹಾರಿದ ಧಕ್ಕೆಗೆ ನಳಿಕೆ, ಸಿಲಿಂಡರ್ ಎರಡೂ ಹಿಂದಕ್ಕೆ ಜಾರುತ್ತವೆ. ಸಿಲಿಂಡರಿನ ಮೈಮೇಲೆ ಅಂಕುಡೊಂಕು ಗ್ರೂವ್, ಅದರೊಳಗೆ ಫ್ರೇಮಿನ ಒಂದು ಪಿನ್. ಹಿಂದೆ ಹೋಗುವಾಗ ಅರ್ಧ ಹೆಜ್ಜೆ, ಸ್ಪ್ರಿಂಗ್ ಮುಂದಕ್ಕೆ ತಳ್ಳುವಾಗ ಇನ್ನರ್ಧ. ಅಪ್ಪಟ ಕ್ಯಾಮ್! 1901ರಿಂದ 1924ರವರೆಗೆ ಐದು ಸಾವಿರಕ್ಕೂ ಕಡಿಮೆ ತಯಾರಾದವು. ಬಹುತೇಕ ಆರು ಗುಂಡಿನ .455. ಎಂಟು ಗುಂಡಿನ .38 ಸಿಗೋದು ತೀರಾ ಅಪರೂಪ. ಮೊದಲ ಮಹಾಯುದ್ಧದ ಕಂದಕಗಳ ಕೆಸರು ಆ ತೆರೆದ ಗ್ರೂವ್‌ಗೆ ಆಗಿಬರಲಿಲ್ಲ.

ಇದನ್ನೋದಿ ಯಾರಿಗಾದರೂ ‘ಊರಲ್ಲಿ ತಾತನ ಪೆಟ್ಟಿಗೇಲಿ ಒಂದಿದೆಯಲ್ಲ’ ಅಂತ ನೆನಪಾದರೆ, ತಡೀರಿ. ಅಮೆರಿಕದ ಫೆಡರಲ್ ಕಾನೂನಿಗೆ 1898 ಮತ್ತು ಅದಕ್ಕೂ ಹಿಂದೆ ತಯಾರಾದದ್ದು ‘ಆಂಟಿಕ್’. ನಮ್ಮ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಹಳೇದು ಅಂದರಷ್ಟೇ ಸಾಲದು, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಂತಿರಬೇಕು. ಇಲ್ಲದಿದ್ದರೆ ಲೈಸೆನ್ಸ್ ಬೇಕೇ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು.

ಹಾಗಾಗಿ ನಾವು ಹಾಸ್ಟೆಲ್ಲಿನಲ್ಲಿ ನೀರಿನ ಬಾಟಲಿಗೆ ಕಾಗದ ಸುತ್ತಿ ಫಾಸ್ಬರಿಯ ಗ್ರೂವ್ ಬರೆದು ನೋಡಿದ್ವಿ. ಆರು ಗುಂಡಿಗೆ ಹನ್ನೆರಡು ಓರೆ ಗೆರೆ, ಒಂದೊಂದಕ್ಕೆ 30 ಡಿಗ್ರಿ. ಗೆರೆ ಎಳೆಯೋದು ಸುಲಭ. ಹಿಂದಕ್ಕೆ ಹೋದ ಪಿನ್ ಬಂದ ದಾರಿಯಲ್ಲೇ ವಾಪಸಾಗದೆ ಪಕ್ಕದ ಗೆರೆಗೆ ಇಳಿಯೋ ಹಾಗೆ ಮೂಲೆಗಳನ್ನು ತಿದ್ದೋದರಲ್ಲಿ ಎರಡು ಸಂಜೆ ಹೋಯ್ತು.