ಪಕ್ಕದ ಬಾವಿ ಬತ್ತಿದ್ದೇಕೆ?

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಈಗ ಎತ್ತರದ ಕಟ್ಟಡಗಳ, ಸುರಂಗ ರೈಲುಗಳ ಪ್ರದೇಶ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಅಂಚಿನಲ್ಲಿ ತರಕಾರಿ ತೋಟಗಳಿದ್ದವು. ಅಲ್ಲಿ ಫೋರ್ಬೆಲ್ ಎಂಬ ರೈತ ಸೆಲರಿ ಮತ್ತು ವಾಟರ್‌ಕ್ರೆಸ್ ಎಂಬ ಸೊಪ್ಪುಗಳನ್ನು ಬೆಳೆಯುತ್ತಿದ್ದ. ಇವೆರಡಕ್ಕೂ ಬೇರಿನ ಬಳಿ ಸದಾ ತೇವವಿರಬೇಕು. ಆ ಮರಳು ನೆಲದಲ್ಲಿ ಅಂತರ್ಜಲ ಮಟ್ಟ ಮೇಲೆಯೇ ಇದ್ದುದರಿಂದ ಬೆಳೆ ಚೆನ್ನಾಗಿ ಬರುತ್ತಿತ್ತು. ನಗರಾಡಳಿತವು ನೀರು ಸರಬರಾಜಿಗಾಗಿ ತನ್ನ ಎರಡು ಎಕರೆ ಜಾಗದಲ್ಲಿ ಬಾವಿಗಳನ್ನು ತೋಡಿ ಪಂಪುಗಳನ್ನು ಹೂಡಿತು. ರೈತನ ನೆಲ ಒಣಗಿತು. ಆತ ನ್ಯಾಯಾಲಯದ ಮೆಟ್ಟಿಲೇರಿದ. 1900ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತಿತು.

ಆ ತೀರ್ಪು ಅಂದಿನ ಮಟ್ಟಿಗೆ ಅಸಾಮಾನ್ಯ. ಇಂಗ್ಲೆಂಡಿನಲ್ಲಿ 1843ರಲ್ಲಿ ಕಲ್ಲಿದ್ದಲು ಗಣಿಯೊಂದು ನೆರೆಯ ಬಾವಿಯನ್ನು ಬತ್ತಿಸಿದಾಗ, ತನ್ನ ನೆಲದಡಿಯ ನೀರನ್ನು ಯಾರು ಬೇಕಾದರೂ ತೆಗೆಯಬಹುದು ಎಂದು ನ್ಯಾಯಾಲಯ ಹೇಳಿತ್ತು. ನೆಲದಡಿಯ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂಬುದು ಕಣ್ಣಿಗೆ ಕಾಣದು ಎಂಬುದು ಅದರ ಹಿಂದಿದ್ದ ಒಂದು ಕಾರಣ. ನಮ್ಮ ದೇಶದ 1882ರ ಅನುಭೋಗ ಹಕ್ಕುಗಳ ಕಾಯ್ದೆಯಲ್ಲೂ ಇದೇ ಧೋರಣೆಯಿದೆ. ಫೋರ್ಬೆಲ್ ಪ್ರಕರಣದ ತೀರ್ಪು ಒಂದು ವ್ಯತ್ಯಾಸವನ್ನು ಗುರುತಿಸಿತು: ತನ್ನ ನೆಲದ ಬಳಕೆಗೆ ನೀರೆತ್ತುವುದು ಬೇರೆ, ನೆರೆಯವನ ನೆಲವನ್ನು ಬರಿದು ಮಾಡಿ ಆ ನೀರನ್ನು ಬೇರೆಡೆಗೆ ಸಾಗಿಸಿ ಮಾರುವುದು ಬೇರೆ.

ನೆಲದಡಿಯ ನೀರಿನ ದಾರಿ ನಿಜಕ್ಕೂ ತಿಳಿಯಲಾಗದ ಸಂಗತಿಯೇ? ಫ್ರಾನ್ಸಿನ ದಿಜೋಂ ಪಟ್ಟಣಕ್ಕೆ ನೀರು ಒದಗಿಸಿದ ಎಂಜಿನಿಯರ್ ಆನ್ರಿ ಡಾರ್ಸಿ 1856ರಲ್ಲೇ ಇದಕ್ಕೆ ಅರ್ಧ ಉತ್ತರ ಕೊಟ್ಟಿದ್ದ. ಮರಳು ತುಂಬಿದ ಕೊಳವೆಯ ಮೂಲಕ ನೀರು ಹಾಯಿಸಿ, ಹರಿವು ನೀರಿನ ಮಟ್ಟದ ಇಳಿಜಾರಿಗೆ ಅನುಪಾತದಲ್ಲಿರುತ್ತದೆಂದು ಆತ ತೋರಿಸಿದ. ಪಂಪ್ ಓಡಿದಾಗ ಬಾವಿಯ ಮಟ್ಟ ತಗ್ಗುತ್ತದೆ. ಸುತ್ತಲಿನ ನೀರು ಆ ಕಡೆಗೆ ಇಳಿಯುತ್ತದೆ. ಬಾವಿಗೆ ಹತ್ತಿರವಾದಂತೆ ನೀರು ಹಾಯುವ ಜಾಗ ಕಿರಿದಾಗುವುದರಿಂದ ಇಳಿಜಾರು ಹೆಚ್ಚಲೇಬೇಕು. ಹೀಗೆ ಬಾವಿಯ ಸುತ್ತ ನೀರಿನ ಮಟ್ಟ ತಲೆಕೆಳಗಾದ ಶಂಕುವಿನ ಆಕಾರ ಪಡೆಯುತ್ತದೆ. ನೆರೆಯವರ ಬಾವಿ ಈ ಶಂಕುವಿನೊಳಗೆ ಬಿದ್ದರೆ ಅದರ ಮಟ್ಟವೂ ಇಳಿಯುತ್ತದೆ.

ಉಳಿದರ್ಧ ಉತ್ತರ ಕಾಲಕ್ಕೆ ಸಂಬಂಧಿಸಿದ್ದು. ಶಂಕು ಎಷ್ಟು ಬೇಗ, ಎಷ್ಟು ದೂರ ಹರಡುತ್ತದೆ? ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಚಾರ್ಲ್ಸ್ ಥೈಸ್ ಇದನ್ನು 1935ರಲ್ಲಿ ಬಿಡಿಸಿದ. ಭೌತವಿಜ್ಞಾನ ಕಲಿಸುವವರಿಗೆ ಅದರ ರೀತಿ ಖುಷಿ ಕೊಡುವಂಥದು. ನೆಲದಡಿಯ ನೀರಿನ ಹರಿವಿಗೂ ಲೋಹದ ತಗಡಿನಲ್ಲಿ ಉಷ್ಣದ ಹರಿವಿಗೂ ಸಮೀಕರಣ ಒಂದೇ ಎಂಬುದನ್ನು ಕಂಡ ಥೈಸ್, ಉಷ್ಣವಹನದಲ್ಲಿ ಇದಕ್ಕೆ ಸಮನಾದ ಸಮಸ್ಯೆಯ ಪರಿಹಾರವನ್ನು ಗಣಿತಜ್ಞ ಗೆಳೆಯ ಲೂಬಿನ್‌ರಿಂದ ಪಡೆದ. ತಾಪದ ಜಾಗದಲ್ಲಿ ನೀರಿನ ಮಟ್ಟವನ್ನೂ, ಉಷ್ಣವಾಹಕತೆಯ ಜಾಗದಲ್ಲಿ ಜಲಧರದ ವಾಹಕತೆಯನ್ನೂ, ಉಷ್ಣಧಾರಣ ಸಾಮರ್ಥ್ಯದ ಜಾಗದಲ್ಲಿ ಜಲಧರದ ಸಂಗ್ರಹ ಗುಣಾಂಕವನ್ನೂ ಇಟ್ಟರೆ ಆಯಿತು. ಮಟ್ಟ ಒಂದು ಮೀಟರ್ ಇಳಿದಾಗ ಪ್ರತಿ ಚದರ ಮೀಟರ್ ನೆಲ ಎಷ್ಟು ಘನ ಮೀಟರ್ ನೀರು ಬಿಟ್ಟುಕೊಡುತ್ತದೆಂಬುದೇ ಸಂಗ್ರಹ ಗುಣಾಂಕ.

ಒಂದು ಉದಾಹರಣೆಯನ್ನು ಲೆಕ್ಕ ಹಾಕೋಣ. ಒಳ್ಳೆಯ ಮರಳಿನ ಜಲಧರ. ವಾಹಕತೆ ದಿನಕ್ಕೆ 1000 ಚದರ ಮೀಟರ್, ಸಂಗ್ರಹ ಗುಣಾಂಕ 0.2. ನೀರು ಸರಬರಾಜಿನ ಪಂಪ್ ದಿನಕ್ಕೆ 10,000 ಘನ ಮೀಟರ್, ಅಂದರೆ ಒಂದು ಕೋಟಿ ಲೀಟರ್ ಎತ್ತುತ್ತದೆ. ರೈತನ ತೋಟ 600 ಮೀಟರ್ ದೂರದಲ್ಲಿದೆ. ದೂರದ ವರ್ಗವನ್ನು ಸಂಗ್ರಹ ಗುಣಾಂಕದಿಂದ ಗುಣಿಸಿ, ವಾಹಕತೆಯ ನಾಲ್ಕರಷ್ಟರಿಂದ ಭಾಗಿಸಿದರೆ 18 ದಿನ ಬರುತ್ತದೆ. ಪಂಪಿನ ಪರಿಣಾಮ ತೋಟವನ್ನು ಗಣನೀಯವಾಗಿ ಮುಟ್ಟಲು ಬೇಕಾದ ಕಾಲದ ಅಂದಾಜು ಇದು. ಮಳೆ ಮರುಪೂರಣವನ್ನು ಬದಿಗಿಟ್ಟರೆ, ಒಂದು ವರ್ಷದಲ್ಲಿ ತೋಟದ ಕೆಳಗೆ ನೀರು ಸುಮಾರು ಎರಡು ಮೀಟರ್ ಇಳಿದಿರುತ್ತದೆ. ಆಳವಾದ ಬಾವಿಗೆ ಎರಡು ಮೀಟರ್ ದೊಡ್ಡದಲ್ಲ. ಬೇರಿನ ಬುಡದಲ್ಲೇ ನೀರು ಬಯಸುವ ಸೊಪ್ಪಿನ ತೋಟಕ್ಕೆ ಅದೇ ಸಾವು.

ಇನ್ನು ಜಲಧರವು ಜೇಡಿ ಪದರಗಳ ನಡುವೆ ಒತ್ತಡದಲ್ಲಿ ಸಿಕ್ಕಿಕೊಂಡಿದೆ ಎನ್ನಿ. ಆಗ ಸಂಗ್ರಹ ಗುಣಾಂಕ 0.0002ರಷ್ಟು ಕಡಿಮೆಯಿರಬಹುದು. ಅದೇ ಲೆಕ್ಕ ಈಗ 18 ದಿನಕ್ಕೆ ಬದಲು 26 ನಿಮಿಷ ಕೊಡುತ್ತದೆ! ಇಷ್ಟು ಬೇಗ ಬರುವುದು ಒತ್ತಡದ ಬದಲಾವಣೆಯೇ ಹೊರತು ನೀರಲ್ಲ. ಅಲ್ಲಿನ ನೀರಿನ ಕಣ ಇಲ್ಲಿಗೆ ಬರಲು ವರ್ಷಗಳೇ ಹಿಡಿಯಬಹುದು. ವಿದ್ಯಾರ್ಥಿಗಳು ಇವೆರಡನ್ನೂ ಆಗಾಗ ಬೆರೆಸಿಬಿಡುತ್ತಾರೆ.

ವಿವಾದಗಳಲ್ಲಿ ದಾರಿ ತಪ್ಪಿಸುವ ಒಂದು ಸಂಗತಿಯೂ ಇದೇ ಸಮೀಕರಣದಲ್ಲಿ ಅಡಗಿದೆ. ಮೇಲಿನ ಮರಳು ನೆಲದಲ್ಲಿ ಒಂದು ತಿಂಗಳು ಪಂಪ್ ಓಡಿಸಿ ನಿಲ್ಲಿಸಿದರೆ, ತೋಟದಲ್ಲಿ ನೀರು ಕೂಡಲೇ ಏರುವುದಿಲ್ಲ. ಇನ್ನೂ ಒಂಬತ್ತು ಹತ್ತು ದಿನ ಇಳಿಯುತ್ತಲೇ ಇರುತ್ತದೆ. ಕಾದ ತಗಡಿನ ನಡುವಿನ ಬೆಂಕಿ ಆರಿಸಿದ ಮೇಲೂ ಅಂಚು ಕೆಲಹೊತ್ತು ಬಿಸಿಯೇರುವ ಹಾಗೆ. ‘ಪಂಪ್ ನಿಲ್ಲಿಸಿದ್ದೇವೆ, ನಿಮ್ಮ ಬಾವಿ ಇನ್ನೂ ಇಳಿಯುತ್ತಿದೆ, ಆದ್ದರಿಂದ ಕಾರಣ ನಾವಲ್ಲ’ ಎಂಬ ವಾದ ಕೇಳಲು ಸರಿ ಎನಿಸಿದರೂ ನಿಲ್ಲುವಂಥದಲ್ಲ.

ಇದಕ್ಕಿಂತ ಗಟ್ಟಿಯಾಗಿ ತೋರುವ ವಾದ ಇನ್ನೊಂದಿದೆ: ಮಳೆಯಿಂದ ಇಂಗುವುದಕ್ಕಿಂತ ಕಡಿಮೆ ನೀರನ್ನು ಎತ್ತುತ್ತಿರುವಾಗ ಯಾರಿಗೂ ಹಾನಿಯಿಲ್ಲ ಎಂಬುದು. ಓದಿದವರೂ ಇದನ್ನು ಒಪ್ಪಿಬಿಡುತ್ತಾರೆ. 1940ರಲ್ಲಿ ಥೈಸ್ ಇದನ್ನೂ ಪರಿಶೀಲಿಸಿದ. ಪಂಪ್ ಬರುವ ಮುನ್ನ ಇಂಗಿದಷ್ಟೂ ನೀರು ಎಲ್ಲೋ ಹೊರಹೋಗುತ್ತಲೇ ಇತ್ತು: ಊಟೆಯಾಗಿ, ತೊರೆಗೆ ಬಸಿದು, ಗಿಡಗಳ ಮೂಲಕ ಆವಿಯಾಗಿ. ಉಳಿತಾಯವೆಂಬುದು ಇರಲೇ ಇಲ್ಲ. ಆದ್ದರಿಂದ ಹೊಸ ಪಂಪು ಎತ್ತುವ ನೀರು ಮೂರರಲ್ಲೊಂದು ಕಡೆಯಿಂದ ಬರಬೇಕು: ದಾಸ್ತಾನು ಕರಗಬೇಕು, ಹೊರಹರಿವು ತಗ್ಗಬೇಕು ಇಲ್ಲವೇ ಒಳಹರಿವು ಹೆಚ್ಚಬೇಕು. ತಗ್ಗಿದ ಹೊರಹರಿವು ಮೊದಲು ಯಾರದೋ ಊಟೆಯಾಗಿತ್ತು, ಯಾರದೋ ಬೆಳೆಯ ತೇವವಾಗಿತ್ತು.

ಬ್ರೂಕ್ಲಿನ್‌ನ ಮುಂದಿನ ಕಥೆಯಲ್ಲಿ ಈ ಮೂರೂ ಕಾಣುತ್ತವೆ. ತೋಟಗಳು ಹೋಗಿ ಊರು ಬೆಳೆಯಿತು. ಪಂಪುಗಳು ಇನ್ನೂ ಹೆಚ್ಚಿದವು. 1930ರ ದಶಕದ ಹೊತ್ತಿಗೆ ಅಲ್ಲಿನ ಅಂತರ್ಜಲ ಮಟ್ಟ ಸಮುದ್ರಮಟ್ಟಕ್ಕಿಂತಲೂ ಕೆಳಗಿಳಿದಿತ್ತು. ಒಳಹರಿವು ಹೆಚ್ಚಿತು ನಿಜ, ಆದರೆ ಬಂದದ್ದು ಉಪ್ಪುನೀರು. 1947ರಲ್ಲಿ ಅಲ್ಲಿ ಸಾರ್ವಜನಿಕ ಸರಬರಾಜಿಗೆ ಅಂತರ್ಜಲವೆತ್ತುವುದು ನಿಂತಿತು. ಮಟ್ಟ ಮೇಲೇರಿದಾಗ, ನೀರು ಕೆಳಗಿದ್ದ ಕಾಲದಲ್ಲಿ ಕಟ್ಟಿದ ನೆಲಮಾಳಿಗೆಗಳಿಗೂ ಸುರಂಗ ರೈಲುದಾರಿಗಳಿಗೂ ನೀರು ನುಗ್ಗಿತು.

ಈ ಲೆಕ್ಕವನ್ನು ನಮ್ಮ ನೆಲಕ್ಕೆ ಹಾಗೆಯೇ ತರುವಂತಿಲ್ಲ. ಕರ್ನಾಟಕದ ಬಹುಭಾಗ ಗ್ರಾನೈಟ್, ನೈಸ್, ಬಸಾಲ್ಟ್‌ಗಳಂಥ ಗಟ್ಟಿ ಶಿಲೆ. ಆಳದಲ್ಲಿ ನೀರಿರುವುದು ಬಿರುಕುಗಳಲ್ಲಿ. ಒಂದೇ ಬಿರುಕಿನ ಸಾಲಿನಲ್ಲಿರುವ ದೂರದ ಕೊಳವೆಬಾವಿ ಬತ್ತಬಹುದು, ಐವತ್ತು ಮೀಟರ್ ಪಕ್ಕದ್ದು ಅಲುಗದೆ ಇರಬಹುದು. ರಾಜ್ಯದ 1999ರ ಅಂತರ್ಜಲ ಕಾಯ್ದೆ, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದಿತು. ಆಡಳಿತಕ್ಕೆ ಒಂದು ಸಂಖ್ಯೆ ಬೇಕು, ಒಪ್ಪೋಣ. ಬಿರುಕು ಮಾತ್ರ ಮೀಟರ್ ಪಟ್ಟಿ ನೋಡಿ ಹಬ್ಬಿರುವುದಿಲ್ಲ. ಜೊತೆಗೆ ಈ ನಿಯಮ ರಕ್ಷಿಸುವುದು ಊರಿನ ಬಾವಿಯನ್ನು ರೈತನ ಪಂಪಿನಿಂದ. ಸಮೀಕರಣಕ್ಕೆ ಪಂಪ್ ಯಾರದೆಂಬ ಭೇದವಿಲ್ಲ.

ಆದ್ದರಿಂದ ಅಳತೆಯೊಂದೇ ದಾರಿ. ಊರಿನಲ್ಲಿ ಹೊಸ ಸರಬರಾಜು ಕೊಳವೆಬಾವಿ ಬರುವುದಿದ್ದರೆ, ಶಿಕ್ಷಕರು ವಿದ್ಯಾರ್ಥಿಗಳೊಡನೆ ಸುತ್ತಲಿನ ತೆರೆದ ಬಾವಿಗಳ ನೀರಿನ ಆಳವನ್ನು ತೂಕ ಕಟ್ಟಿದ ಟೇಪಿನಿಂದ ಅಳೆದಿಡಬಹುದು. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಬಾವಿಯ ಸ್ವಂತ ಪಂಪ್ ನಿಂತು ಕೆಲವು ಗಂಟೆ ಕಳೆದ ಮೇಲೆ. ಜೊತೆಗೆ ಮಳೆಯ ಪ್ರಮಾಣ, ಮುಂದೆ ಸರಬರಾಜು ಪಂಪ್ ಓಡಿದ ಗಂಟೆಗಳು. ಇದು ಕನಿಷ್ಠ ಒಂದು ಬೇಸಗೆ ಮೊದಲೇ ಆರಂಭವಾಗಬೇಕು. ಬಾವಿ ಬತ್ತಿದ ಮೇಲೆ ತೆಗೆದ ಅಳತೆ, ಮೊದಲು ಎಷ್ಟಿತ್ತೆಂಬುದನ್ನು ಹೇಳಲಾರದು.